ರಾಹೇಲಳ ಸ್ತಂಭ

ರಾಹೇಲಳು ಬೇತ್ಲೆಹೇಮಿನ ದಾರಿಯಲ್ಲಿ ಕಠಿಣ ಪ್ರಸವವೇದನೆಪಟ್ಟು, ಮಗನನ್ನು ಹೆತ್ತು ಪ್ರಾಣಬಿಟ್ಟಳೆಂದು ಆದಿಕಾಂಡದ 35ನೆಯ ಅಧ್ಯಾಯದಲ್ಲಿ ಓದುತ್ತೇವೆ. ಸೂಲಗಿತ್ತಿಯು ಹತ್ತಿರವಿದ್ದು ಧೈರ್ಯ ಹೇಳಿದಳು. ಆದರೂ ತಾಯಿಯು ಉಳಿಯಲಿಲ್ಲ. ಯಾಕೋಬನು ಆಕೆಯ ಸಮಾಧಿಯ ಮೇಲೆ ಸ್ತಂಭವನ್ನು ನಿಲ್ಲಿಸಿದನು. ಅವನ ಕೈಲಾದದ್ದು ಅಷ್ಟೇ.

ನಮಗಾದರೋ ಹೆಚ್ಚಿನ ಸಹಾಯವುಂಟು. ಸರಕಾರವು 2005ರಲ್ಲಿ ಜನನಿ ಸುರಕ್ಷಾ ಯೋಜನೆಯನ್ನು ಆರಂಭಿಸಿ, ಬಡ ಗರ್ಭಿಣಿಯರು ಆಸ್ಪತ್ರೆಯಲ್ಲಿ ಹೆರುವಂತೆ ಧನಸಹಾಯ ಮಾಡಿತು. 2011ರಲ್ಲಿ ಸರಕಾರಿ ಆಸ್ಪತ್ರೆಯ ಹೆರಿಗೆ, ಶಸ್ತ್ರಕ್ರಿಯೆ, ಔಷಧ, ರಕ್ತ, ಆಹಾರ, ವಾಹನ ಇವೆಲ್ಲವನ್ನೂ ಉಚಿತ ಮಾಡಿತು. ಭಾರತದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2014-16ರಲ್ಲಿ 130 ತಾಯಂದಿರು ತೀರಿಹೋಗುತ್ತಿದ್ದರು. 2018-20ರಲ್ಲಿ ಆ ಲೆಕ್ಕವು 97ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದು 69 ಆಗಿತ್ತು.

ಆದರೆ ಆ 69 ಮಂದಿಯೂ ಯಾರದೋ ಮನೆಯ ರಾಹೇಲಳೇ. ಹೆತ್ತ ಬಳಿಕ ರಕ್ತಸ್ರಾವವು ನಿಲ್ಲದಿದ್ದರೆ ಕೆಲವೇ ತಾಸುಗಳಲ್ಲಿ ಪ್ರಾಣವು ಹೋಗಬಹುದು. 108ಕ್ಕೆ ಕರೆದರೆ ವಾಹನವು ಬರುವದು. ಹೊಸ್ತಿಲು ದಾಟಿಸುವದು ನಮ್ಮ ಕೆಲಸ. ಅತ್ತೆಯು ಒಪ್ಪಲಿ, ಗಂಡನು ಬರಲಿ, ಬೆಳಗಾಗಲಿ ಎಂದು ನಾವು ತಡಮಾಡುತ್ತೇವೆ. ಬಳಿಕ ಸಮಾಧಿಗೆ ಸುಣ್ಣ ಬಳಿಯುತ್ತೇವೆ. ಕಲ್ಲು ನಿಲ್ಲಿಸುವದು ಪ್ರೀತಿಯೇ. ವೇಳೆಗೆ ಕರೆದೊಯ್ಯುವದು ಅದಕ್ಕಿಂತ ದೊಡ್ಡ ಪ್ರೀತಿ. ಕರ್ತನು ನಮ್ಮನ್ನು ಎಚ್ಚರಿಸಲಿ. ಆಮೆನ್.