ಇಲಿಗೆ ಕೇಳುವ ಪ್ರಶ್ನೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಕೀಲಿಕೈ ಹಿಡಿಸುವವರು ಇವತ್ತಿಗೂ ಇದ್ದಾರೆ. ಆಮೇಲೆ ಆಸ್ಪತ್ರೆಯ ಮಾತ್ರೆ, ಅದರ ಜೊತೆಗೇ ಯಾರೋ ಹೇಳಿದ ಸೊಪ್ಪಿನ ರಸ. ರಸದ ಮೇಲೆ ನಂಬಿಕೆ ಬಲಿತ ದಿನ ಮಾತ್ರೆ ನಿಲ್ಲುತ್ತದೆ. ಹಾಗೆ ಥಟ್ಟನೆ ಬಿಟ್ಟಾಗ ಬರುವ ಸೆಳವು ಒಮ್ಮೊಮ್ಮೆ ಜೀವಕ್ಕೇ ಕುತ್ತು ತರುತ್ತದೆ. ಆದ್ದರಿಂದ ಆ ಸೊಪ್ಪಿನಲ್ಲಿ ನಿಜಕ್ಕೂ ಗುಣವಿದೆಯೇ ಎಂದು ಯಾರಾದರೂ ಪರೀಕ್ಷಿಸಲೇಬೇಕು. ಸಾಂಪ್ರದಾಯಿಕ ಔಷಧಗಳ ಅಧ್ಯಯನಕ್ಕೆಂದು ಐಸಿಎಂಆರ್ ಸಂಸ್ಥೆಯೊಂದು 2006ರಿಂದ ಬೆಳಗಾವಿಯಲ್ಲೇ ಇದೆ.

ಆದರೆ ಗುಣದ ಪ್ರಶ್ನೆಯನ್ನು ಪ್ರಯೋಗಾಲಯ ಮೊದಲು ಕೇಳುವುದು ಇಲಿಗೆ. ಒಂದೆಲಗದಂಥ ಸೊಪ್ಪನ್ನು ಒಣಗಿಸಿ, ಆಲ್ಕೋಹಾಲಿನಲ್ಲಿ ಸಾರ ಇಳಿಸಿ, ಬಿಳಿ ಇಲಿಗೆ ಕುಡಿಸುತ್ತಾರೆ. ಕಿವಿಗೆ ಕ್ಲಿಪ್ ಹಾಕಿ ಸಾಮಾನ್ಯವಾಗಿ 150 ಮಿಲಿಆಂಪಿಯರ್ ವಿದ್ಯುತ್ತನ್ನು 0.2 ಸೆಕೆಂಡು ಹರಿಸುತ್ತಾರೆ. ಇಲಿ ಸೆಟೆದುಕೊಳ್ಳುತ್ತದೆ, ಹಿಂಗಾಲು ನೀಳವಾಗಿ ಚಾಚುತ್ತದೆ. ಎಷ್ಟು ಸೆಕೆಂಡು ಚಾಚಿತ್ತು ಎಂದು ಬರೆದುಕೊಳ್ಳುತ್ತಾರೆ. ಚಾಚದಿದ್ದರೆ ಸಾರ ಗೆದ್ದಂತೆ. ಹೋಲಿಕೆಗೆಂದು ಇಟ್ಟ ಗುಂಪಿನ ಇಲಿಗಳಿಗಂತೂ ಔಷಧದ ಆಸರೆಯೂ ಇಲ್ಲ.

ಈ ವಿಧಾನವನ್ನು ಸುಲಭವಾಗಿ ಬೈಯಲಾಗದು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಮೆರಿಟ್ ಮತ್ತು ಪುಟ್ನಮ್ ಬೆಕ್ಕುಗಳಿಗೆ ವಿದ್ಯುತ್ ಕೊಟ್ಟೇ ಫೆನಿಟಾಯಿನ್‌ನ ಗುಣ ಕಂಡುಕೊಂಡರು. ನಮ್ಮ ಔಷಧ ಅಂಗಡಿಗಳಲ್ಲಿ ಆ ಮಾತ್ರೆ ಇಂದಿಗೂ ಸಿಗುತ್ತದೆ. ಆದರೆ ಇದೇ ಪರೀಕ್ಷೆಯಲ್ಲಿ ಲೆವೆಟಿರಾಸಿಟಮ್ ಫೇಲಾಗಿತ್ತು! ಪದೇ ಪದೇ ಪ್ರಚೋದಿಸಿ ಸೆಳವಿನ ರೋಗವನ್ನೇ ಬೆಳೆಸಿದ ಪ್ರಾಣಿಗಳಲ್ಲಿ ಅದರ ಗುಣ ಕಂಡಿತು. 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಆರೋಗ್ಯವಂತ ಇಲಿಗೆ ಒಮ್ಮೆ ಬರಿಸಿದ ಸೆಳವು ಬೇರೆ, ಮನುಷ್ಯನನ್ನು ವರ್ಷಗಟ್ಟಲೆ ಕಾಡುವ ರೋಗ ಬೇರೆ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇಂಥ ಪ್ರಯೋಗಗಳನ್ನು ನಿಷೇಧಿಸಿಲ್ಲ. ಅನಗತ್ಯ ನೋವು ಆಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಸಂಸ್ಥೆಯ ನೈತಿಕ ಸಮಿತಿ ಇಲಿಗಳ ಸಂಖ್ಯೆ, ಕೊಡುವ ನೋವು, ಅದರ ಅಗತ್ಯ ಎಲ್ಲವನ್ನೂ ಪರಿಶೀಲಿಸಿ ಒಪ್ಪಿಗೆ ಕೊಡುತ್ತದೆ. ನನ್ನ ತಕರಾರು ಇರುವುದು ಒಪ್ಪಿಗೆಯ ನಂತರದ ಕತೆಯ ಬಗ್ಗೆ. ಪರಿಣಾಮ ಕಂಡಿದೆ, ಹೆಚ್ಚಿನ ಸಂಶೋಧನೆ ಬೇಕು ಎಂದು ಬರೆದು ಪದವಿ ಪಡೆದು ಪ್ರಬಂಧವನ್ನು ಕಪಾಟಿಗೆ ಸೇರಿಸಿಬಿಟ್ಟರೆ ಆ ನೋವು ಅಗತ್ಯವಾಗಿತ್ತೇ? ಸೋತ ಪ್ರಯೋಗದ ಪಾಡಂತೂ ಇನ್ನೂ ಕೆಟ್ಟದ್ದು. ಅದನ್ನು ಪ್ರಕಟಿಸದಿದ್ದರೆ ಇನ್ನೊಂದು ಊರಿನ ವಿದ್ಯಾರ್ಥಿ ಅದೇ ಸೊಪ್ಪು ತಂದು ಹೊಸ ಇಲಿಗಳ ಕಿವಿಗೆ ಕ್ಲಿಪ್ ಹಾಕುತ್ತಾನೆ. ವಿದ್ಯಾರ್ಥಿಗಳ ಕೈ ಪಳಗಬೇಕಲ್ಲ ಎನ್ನುವವರಿದ್ದಾರೆ. ಕೈ ಪಳಗಲು ಇನ್ನೊಂದು ಜೀವದ ಸೆಳವೇ ಬೇಕೆನ್ನುವುದನ್ನು ನಾನು ಒಪ್ಪಲಾರೆ.

ಮೂಡಲಗಿಯ ತಾಯಿಯೊಬ್ಬಳು ಮಗನ ಮಾತ್ರೆಯ ಜೊತೆ ಈ ರಸ ಕೊಡಬಹುದೇ ಎಂದು ಕೇಳಿದರೆ, ಹಿಂಗಾಲಿನ ಸೆಕೆಂಡುಗಳನ್ನಷ್ಟೇ ಎಣಿಸಿದ ಪ್ರಬಂಧದಲ್ಲಿ ಅವಳಿಗೆ ಉತ್ತರ ಸಿಗುವುದಿಲ್ಲ.