ಬಿಟ್ಟುಹೋದ ಮನೆಯ ಮುಂಗಡ

ಮನೆ ಕೊಳ್ಳುವಷ್ಟು ಹಣ ಇಂದು ಕೈಯಲ್ಲಿಲ್ಲ, ಮೂರು ವರ್ಷದಲ್ಲಿ ಹೊಂದಿಸಬಲ್ಲೆ ಎನ್ನುವವನಿಗೆ ಮಾಲೀಕ ಒಂದು ದಾರಿ ತೋರಿಸುತ್ತಾನೆ. ಈಗ ಬಾಡಿಗೆಗಿರು, ಬೆಲೆಯನ್ನು ಇಂದೇ ಗೊತ್ತು ಮಾಡೋಣ, ಅವಧಿಯೊಳಗೆ ಬೇಕಾದರೆ ಕ್ರಯ ಮಾಡಿಸಿಕೋ, ಬೇಡವಾದರೆ ಬಿಡು. ಕೇಳಲು ಹಿತವಾದ ಮಾತು. ತಕರಾರು ಹುಟ್ಟುವುದು ಆ 'ಬೇಡವಾದರೆ' ಎಂಬಲ್ಲಿ.

ಒಂದು ಲೆಕ್ಕ ಹಾಕೋಣ. ಮನೆಯ ಬೆಲೆ 40 ಲಕ್ಷ. ಆ ಬೀದಿಯಲ್ಲಿ ಅಂಥ ಮನೆಗೆ ಬಾಡಿಗೆ 12 ಸಾವಿರ. ಕೊಳ್ಳುವ ಆಸೆಯವನು 2 ಲಕ್ಷ ಮುಂಗಡ ಕೊಟ್ಟು ತಿಂಗಳಿಗೆ 20 ಸಾವಿರ ಕಟ್ಟುತ್ತಾನೆ. ಹೆಚ್ಚಿನ 8 ಸಾವಿರ ಬೆಲೆಗೆ ಜಮಾ. ಮೂರು ವರ್ಷದಲ್ಲಿ ಈ ಹೆಚ್ಚಳವೇ 2,88,000 ರೂಪಾಯಿ. ಕೊನೆಗೆ ನಂಬಿದ್ದ ಜಮೀನು ಮಾರಾಟವಾಗುವುದಿಲ್ಲ, ಅವನು ಮನೆ ಖಾಲಿ ಮಾಡುತ್ತಾನೆ. ಆ 4,88,000 ರೂಪಾಯಿ ಯಾರದು?

ಪತ್ರದಲ್ಲಿ 'ಮುಟ್ಟುಗೋಲು' ಎಂದಿದೆ, ಸಹಿಯೂ ಇದೆ ಎನ್ನುವುದು ಮಾಲೀಕನ ಉತ್ತರ. ಕರಾರುಗಳನ್ನು ಪಾಲಿಸಬೇಕೆಂದು ಕುರ್‌ಆನ್ ಆಜ್ಞಾಪಿಸುತ್ತದೆ, ನಿಜ. ಪರರ ಸೊತ್ತನ್ನು ಅನ್ಯಾಯವಾಗಿ ಕಬಳಿಸಬಾರದೆಂದೂ ಅದೇ ಕುರ್‌ಆನ್ ಹೇಳುತ್ತದೆ. ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುವವರು ಸಾಮಾನ್ಯವಾಗಿ ಹಣ ಪಡೆಯುವ ಕಡೆಯವರು.

ಅರಬರು ಇಂಥ ಮುಂಗಡವನ್ನು 'ಅರಬೂನ್' ಎಂದರು. ನಮ್ಮ ಉರ್ದುವಿನಲ್ಲಿ ಬಯಾನಾ. ಹನಫಿ, ಮಾಲಿಕಿ, ಶಾಫಿಈ ವಿದ್ವಾಂಸರು ಇದನ್ನು ಮುಟ್ಟುಗೋಲು ಹಾಕಿಕೊಳ್ಳುವುದನ್ನು ಒಪ್ಪಲಿಲ್ಲ. ಮಾರಾಟವೇ ಆಗದಿದ್ದರೆ ಉಳಿಸಿಕೊಂಡ ಹಣ ಯಾವುದರ ಬೆಲೆ? ಇಮಾಮ್ ಅಹ್ಮದ್ ಬಿನ್ ಹಂಬಲ್ ಒಪ್ಪಿದರು. ಅವರಿಗೆ ಆಧಾರವಾದದ್ದು ಮಕ್ಕಾದ ಒಂದು ಮನೆ. ಖಲೀಫ ಉಮರ್(ರ)ರ ಕಾಲದಲ್ಲಿ ನಾಫಿಅ್ ಎಂಬ ಅಧಿಕಾರಿ ಸೆರೆಮನೆಗಾಗಿ ಸಫ್ವಾನ್ ಬಿನ್ ಉಮಯ್ಯಾರಿಂದ ಮನೆ ಕೊಂಡಾಗ, ಖಲೀಫರು ಒಪ್ಪದಿದ್ದರೆ ಸಫ್ವಾನ್‌ಗೆ 400 ಸಲ್ಲಬೇಕೆಂದು ಮಾತಾಗಿತ್ತು. ಉತ್ತರ ಬರುವವರೆಗೆ ಮನೆ ಕಾದಿರಿಸಿದ್ದಕ್ಕೆ ಆ ಹಣ ಎಂದೇ ನಾನು ತಿಳಿಯುತ್ತೇನೆ. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ ಕಾಯುವ ಅವಧಿ ನಿಗದಿಯಾಗಿದ್ದರೆ ಅರಬೂನ್ ಸಮ್ಮತ ಎಂದಿತು. ಬಾಡಿಗೆಯೂ ಮಾರಾಟವೂ ಬೇರೆ ಬೇರೆ ಕರಾರುಗಳಾಗಿರಬೇಕು, ಬಾಡಿಗೆಯ ಅವಧಿಯಲ್ಲಿ ಸೊತ್ತಿನ ಹೊಣೆ ಮಾಲೀಕನದೇ ಎಂದು 2000ದಲ್ಲಿ ರಿಯಾದ್‌ನಲ್ಲಿ ಅದೇ ಅಕಾಡೆಮಿ ತೀರ್ಮಾನಿಸಿತು. 'ನಾಳೆ ನಿನ್ನದೇ ಆಗುವ ಮನೆಯಲ್ಲವೇ' ಎಂದು ಸೋರುವ ತಾರಸಿಯ ಖರ್ಚನ್ನು ಬಾಡಿಗೆದಾರನ ತಲೆಗೆ ಕಟ್ಟುವವರು ಇದನ್ನು ಗಮನಿಸಬೇಕು.

ನಮ್ಮ ದೇಶದ ಕಾನೂನು ಇಲ್ಲಿ ಶರೀಅತ್‌ನಿಂದ ಬಹಳ ದೂರವೇನಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮು, ಪತ್ರದಲ್ಲಿ ಎಷ್ಟೇ ದಂಡ ಬರೆದಿರಲಿ, ಸಮಂಜಸವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ. 1963ರ ಫತೇಚಂದ್ ಪ್ರಕರಣದಲ್ಲಿ ಕೊಳ್ಳುವವನು 1,000 ರೂಪಾಯಿ ಬಯಾನಾ, ಆಮೇಲೆ 24,000 ರೂಪಾಯಿ ಕೊಟ್ಟು ಮನೆಯ ಸ್ವಾಧೀನ ಪಡೆದಿದ್ದ. ವ್ಯವಹಾರ ಮುರಿಯಿತು. ಮಾರುವವನು 1,000 ಇಟ್ಟುಕೊಳ್ಳಬಹುದು, ನಷ್ಟ ತೋರಿಸದೆ 24,000 ನುಂಗುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು. ಮನೆಯಲ್ಲಿದ್ದುದಕ್ಕೆ ಕೊಳ್ಳುವವನು ಬೇರೆ ಹಣ ತೆರಬೇಕಾಯಿತು. ಅದೂ ಸರಿಯೇ.

ನಮ್ಮ ಲೆಕ್ಕಕ್ಕೆ ಬಂದರೆ, 12 ಸಾವಿರ ಬಾಡಿಗೆ ಮಾಲೀಕನದು. ಅದಕ್ಕೆ ಬದಲಾಗಿ ವಾಸ ದೊರೆತಿದೆ. 2 ಲಕ್ಷವನ್ನು ಕಾಯುವುದರ ಬೆಲೆ ಎಂದು ಬಾಯಿಬಿಟ್ಟು ಹೇಳಿ ಪಡೆದಿದ್ದರೆ ಅದೂ ಅವನದೇ. ಮೂರು ವರ್ಷ ಅವನು ಬೇರೆಯವರಿಗೆ ಮಾರಲಾರದೆ ಕೂತಿದ್ದಾನೆ, ಬೆಲೆ ಬಿದ್ದರೆ ಆ ನಷ್ಟವೂ ಅವನದು. ಇದನ್ನು ಸಣ್ಣದೆಂದು ಎಣಿಸುವುದು ಅನ್ಯಾಯ. ಮಾಲೀಕನೆಂದರೆ ಸದಾ ಸಾಹುಕಾರನಲ್ಲ, ಮಗಳ ಮದುವೆಗೆ ಮನೆ ಮಾರುವ ವಿಧವೆಯೂ ಇರಬಹುದು. ಆದರೆ ಆ 2,88,000? ಅದು ಬೆಲೆಯ ಕಂತು. ಮಾರಾಟವೇ ಇಲ್ಲವೆಂದಾದ ಮೇಲೆ ಬೆಲೆ ಎಲ್ಲಿಯದು? ಮನೆಗೆ ಹಾನಿ, ಬಾಕಿ ಬಿಲ್ಲು ಏನಾದರೂ ಇದ್ದರೆ ಮುರಿದುಕೊಂಡು ಉಳಿದದ್ದು ಹಿಂದಿರುಗಬೇಕು. ಅಷ್ಟರಲ್ಲಿ ಮನೆಯ ಬೆಲೆ 50 ಲಕ್ಷಕ್ಕೇರಿದ್ದರಂತೂ ಮಾಲೀಕ ಕಳೆದುಕೊಂಡದ್ದು ಏನು ಎಂದು ಅವನೇ ಹೇಳಬೇಕು.

ಆ 50 ಲಕ್ಷ ಕಂಡು ಮಾಲೀಕನೇ ಹಿಂದೆ ಸರಿಯುವುದೂ ಉಂಟು. 'ನಿನ್ನ ದುಡ್ಡು ಪೈಸೆ ಬಿಡದೆ ತಗೋ' ಎನ್ನುತ್ತಾನೆ, ಉಪಕಾರ ಮಾಡುವವನಂತೆ. 2018ರ ತಿದ್ದುಪಡಿಯ ನಂತರ ನಿರ್ದಿಷ್ಟ ಪರಿಹಾರ ಕಾಯ್ದೆ ಕರಾರಿನಂತೆ ಕ್ರಯ ಮಾಡಿಸಿಕೊಡುವುದನ್ನೇ ನಿಯಮವಾಗಿಸಿದೆ. ಆದರೆ ಬಾಡಿಗೆಮನೆಯವನು ಕೋರ್ಟಿಗೆ ಎಷ್ಟು ವರ್ಷ ಅಲೆದಾನು? ಮುಂಗಡ ವಾಪಸು, ಕಂತು ವಾಪಸು, ಏರಿದ ಬೆಲೆಯಲ್ಲಿ ಇಷ್ಟು ಪಾಲು ಎಂದು ಸಹಿ ಹಾಕುವ ದಿನವೇ ಬರೆಸಬೇಕು. ಆ ಮಾತಿಗೆ ಮಾಲೀಕ ಮುಖ ತಿರುಗಿಸಿದರೆ, ಆ ಮನೆಯನ್ನು ಬರಿಯ ಬಾಡಿಗೆಗೆ ಹಿಡಿಯುವುದೇ ವಾಸಿ.