ಸೋತದ್ದು ವಿಧಾನವೋ, ಮನುಷ್ಯನೋ?

ಬೆಂಗಳೂರಿನ ಶಿವಾಜಿನಗರದಲ್ಲಿರುವ ಕ್ಯಾಥೊಲಿಕರ ಸೇಂಟ್ ಮೇರಿ ಬೆಸಿಲಿಕಾಕ್ಕೂ ಎಂ.ಜಿ. ರಸ್ತೆಯಲ್ಲಿರುವ ಆಂಗ್ಲಿಕನ್ ಪರಂಪರೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್‌ಗೂ ನಡುವೆ ಆಟೋದಲ್ಲಿ ಹೆಚ್ಚು ದೂರವೇನಿಲ್ಲ. ಆದರೆ ಸದ್ಯಕ್ಕೆ ಮಕ್ಕಳು ಬೇಡ ಅನ್ನುವ ದಂಪತಿಗೆ ಈ ಎರಡು ಪರಂಪರೆಗಳು ಹೇಳುವ ಮಾತು 1930ರಲ್ಲೇ ಕವಲೊಡೆಯಿತು. ಆ ವರ್ಷದ ಆಗಸ್ಟ್‌ನಲ್ಲಿ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಬಿಷಪರು ಕೆಲವು ಸಂದರ್ಭಗಳಲ್ಲಿ ಗರ್ಭನಿರೋಧಕ ಬಳಸಬಹುದು ಎಂದರು. ಡಿಸೆಂಬರ್ 31ರಂದು ಪೋಪ್ ಹನ್ನೊಂದನೇ ಪಯಸ್ ಅದು ಪಾಪವೆಂದು ಸಾರಿದರು. ಇವೆರಡಕ್ಕೂ ಮೊದಲೇ, ಜೂನ್‌ನಲ್ಲಿ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಶಿವಾಜಿನಗರ, ಹಲಸೂರುಗಳಿದ್ದ ದಂಡು ಪ್ರದೇಶಕ್ಕೆ ಮಾತ್ರ ಆ ಆದೇಶದ ಹಂಗಿರಲಿಲ್ಲ. 1947ರವರೆಗೆ ಅದು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು.

ಯಾವುದು ಸರಿ, ಯಾವುದು ತಪ್ಪು ಎಂಬ ಈ ಜಗಳದ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಕೂತಿದೆ. ಒಂದು ವಿಧಾನ ‘ಕೆಲಸ ಮಾಡುತ್ತದೆ’ ಎಂದು ಹೇಳುವುದು ಯಾವ ಲೆಕ್ಕದ ಮೇಲೆ?

ಹಳೆಯ ಲೆಕ್ಕ ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್ ಅವರದು. ವಿಧಾನವನ್ನು ಬಳಸುತ್ತಿದ್ದಾಗಲೇ ನಿಂತ ಗರ್ಭಗಳ ಸಂಖ್ಯೆಯನ್ನು 1,200ರಿಂದ ಗುಣಿಸಿ, ಎಲ್ಲ ಹೆಂಗಸರೂ ಸೇರಿ ಬಳಸಿದ ಒಟ್ಟು ತಿಂಗಳುಗಳಿಂದ ಭಾಗಿಸಬೇಕು. ನೂರು ಮಂದಿ ಒಂದು ವರ್ಷ ಬಳಸಿದರೆ ಎಷ್ಟು ಗರ್ಭ ಎಂಬುದು ಸಿಗುತ್ತದೆ. ಸುಲಭದ ಲೆಕ್ಕ, ಆದರೆ ಜಾರುವ ಲೆಕ್ಕ. ಬೇಗ ಗರ್ಭ ನಿಲ್ಲುವವರು, ಅಷ್ಟಾಗಿ ಎಚ್ಚರ ವಹಿಸದವರು ಮೊದಲ ತಿಂಗಳುಗಳಲ್ಲೇ ಪಟ್ಟಿಯಿಂದ ಹೊರಬೀಳುತ್ತಾರೆ. ಹಾಗಾಗಿ ಅಧ್ಯಯನ ಉದ್ದವಾದಷ್ಟೂ ವಿಧಾನ ತಾನಾಗಿಯೇ ಒಳ್ಳೆಯದಾಗಿ ಕಾಣತೊಡಗುತ್ತದೆ. ಇದನ್ನು ತಿದ್ದಲೆಂದೇ ಆಮೇಲಿನವರು ತಿಂಗಳು ತಿಂಗಳಿನ ಸಂಭವವನ್ನು ಬೇರೆ ಬೇರೆ ಲೆಕ್ಕ ಹಾಕುವ ಕೋಷ್ಟಕಕ್ಕೆ ಬಂದರು.

ಲೆಕ್ಕದ ಈ ಸೂಕ್ಷ್ಮ ಧರ್ಮದ ಪ್ರಶ್ನೆಯಾಗಿ ತಿರುಗಿದ ಪ್ರಯೋಗಗಳಲ್ಲಿ ಕರ್ನಾಟಕದ ಹೆಸರು ಎರಡು ಸಲ ಬರುತ್ತದೆ.

ಮೊದಲನೆಯದು ರಾಮನಗರದಲ್ಲಿ. ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ. ಸಂಯಮವೇ ಸರಿಯಾದ ದಾರಿ ಎಂದು ಗಾಂಧೀಜಿ 1935ರ ಡಿಸೆಂಬರ್‌ನಲ್ಲಿ ವಾರ್ಧಾಕ್ಕೆ ಬಂದ ಸಂತಾನ ನಿಯಂತ್ರಣ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್ ಎದುರು ವಾದಿಸಿದ್ದರು. ಆ ನಿಲುವಿಗೆ ಹತ್ತಿರವಾಗಿ ಕಂಡದ್ದು ‘ಸುರಕ್ಷಿತ ದಿನ’ಗಳ ಪದ್ಧತಿ. ಅದನ್ನು ಕಲಿಸಲು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅಮೆರಿಕದ ವೈದ್ಯ ಡಾ. ಅಬ್ರಹಾಂ ಸ್ಟೋನ್ 1951ರಲ್ಲಿ ಬಂದರು. ದೆಹಲಿಯ ಲೋಧಿ ಕಾಲೊನಿಯಲ್ಲೂ ರಾಮನಗರದಲ್ಲೂ ಪ್ರಯೋಗ ನಡೆಯಿತು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಫಲಿತಾಂಶ ನೀರಸ. ದಿನಕ್ಕೊಂದು ಮಣಿ ಸರಿಸುವುದು ಹೆಂಡತಿಯ ಕೈಯಲ್ಲಿತ್ತು, ರಾತ್ರಿಯ ತೀರ್ಮಾನ ಅವಳೊಬ್ಬಳದಾಗಿರಲಿಲ್ಲ.

ಎರಡನೆಯದು ಬೆಂಗಳೂರಿನಲ್ಲೇ. 1968ರ ಜುಲೈನಲ್ಲಿ ಪೋಪ್ ಆರನೇ ಪೌಲ್ ‘ಹ್ಯೂಮಾನೆ ವೀಟೆ’ ಎಂಬ ವಿಶ್ವಪತ್ರ ಹೊರಡಿಸಿ, ಮಾತ್ರೆ ಕೂಡದು, ಪ್ರಕೃತಿಯ ಲಯ ನೋಡಿಕೊಂಡು ದೂರವಿರಬಹುದು ಎಂದರು. ಆ ಲಯವನ್ನು ಭದ್ರವಾದ ವೈಜ್ಞಾನಿಕ ತಳಹದಿಯ ಮೇಲೆ ನಿಲ್ಲಿಸಿಕೊಡಿ ಎಂದು ವಿಜ್ಞಾನಿಗಳನ್ನೂ ಕೇಳಿಕೊಂಡರು. ಮೆಲ್ಬರ್ನ್‌ನ ಬಿಲ್ಲಿಂಗ್ಸ್ ದಂಪತಿ ರೂಪಿಸಿದ ವಿಧಾನ ಆಗಲೇ ಬಳಕೆಗೆ ಬಂದಿತ್ತು: ಗರ್ಭಕಂಠದ ಲೋಳೆಸ್ರಾವ ಬದಲಾಗುವುದನ್ನು ದಿನವೂ ಗಮನಿಸಿ, ಅಂಡ ಬಿಡುಗಡೆಯ ದಿನಗಳಲ್ಲಿ ಕೂಡದಿರುವುದು. ಇದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ಆರಿಸಿದ ಐದು ಕೇಂದ್ರಗಳು ಆಕ್ಲೆಂಡ್, ಡಬ್ಲಿನ್, ಮನಿಲಾ, ಎಲ್ ಸಾಲ್ವಡಾರ್‌ನ ಸಾನ್ ಮಿಗೆಲ್ ಮತ್ತು ಬೆಂಗಳೂರು.

1981ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಲಿಕೆಯ ಮೊದಲ ಚಕ್ರದಲ್ಲೇ ನೂರರಲ್ಲಿ 93 ಹೆಂಗಸರು ತಮ್ಮ ಮೈಯ ಸೂಚನೆಯನ್ನು ಸರಿಯಾಗಿ ಗುರುತಿಸಿ ದಾಖಲಿಸಿದ್ದರು. ಓದು ಬರಹದ ಭೇದ ಅಡ್ಡ ಬರಲಿಲ್ಲ. ಹದಿಮೂರು ಚಕ್ರಗಳ ಮುಂದಿನ ಘಟ್ಟಕ್ಕೆ ಬಂದವರು 725 ಮಂದಿ. ಅಲ್ಲಿ ನಿಂತ ಗರ್ಭಗಳನ್ನು ಸಂಶೋಧಕರು ಪರ್ಲ್ ಲೆಕ್ಕದಲ್ಲಿ, ಕಾರಣದ ಪ್ರಕಾರ ವಿಂಗಡಿಸಿದರು. ವಿಧಾನದ್ದೇ ಸೋಲು: 2.8. ಸೂಚನೆಯನ್ನು ತಪ್ಪಾಗಿ ಪಾಲಿಸಿದ್ದು: 3.5. ಗೊತ್ತಿದ್ದೂ ನಿಯಮ ಮೀರಿದ್ದು: 15.4.

ಈ ಪಟ್ಟಿಯನ್ನು ಓದುವವರ ನಂಬಿಕೆಗೆ ತಕ್ಕಂತೆ ತೀರ್ಪು ಬದಲಾಗುತ್ತದೆ. ನೋಡಿ, ನಿಯಮ ಸೋತಿಲ್ಲ, ಮನುಷ್ಯ ಸೋತ ಎಂದು ಒಬ್ಬರು ಹೇಳಬಹುದು. ಮನುಷ್ಯರು ಇಷ್ಟು ಸಲ ಮೀರುವ ನಿಯಮವನ್ನು ಯಶಸ್ವಿ ಎನ್ನುವುದು ಹೇಗೆ ಎಂದು ಇನ್ನೊಬ್ಬರು ಕೇಳಬಹುದು.

1990ರಲ್ಲಿ ಸಂಶೋಧಕರಾದ ಜೇಮ್ಸ್ ಟ್ರಸೆಲ್ ಮತ್ತು ಲಾರೆನ್ಸ್ ಗ್ರಮ್ಮರ್-ಸ್ಟ್ರಾನ್ ಅದೇ ದಾಖಲೆಗಳನ್ನು ಮತ್ತೆ ತೆರೆದರು. ದೋಷ ಛೇದದಲ್ಲಿತ್ತು. ನಿಯಮ ಪಾಲಿಸಿದಾಗ ನಿಂತ ಗರ್ಭಗಳನ್ನು ಎಲ್ಲ ತಿಂಗಳುಗಳಿಂದಲೂ, ನಿಯಮ ಮುರಿದ ತಿಂಗಳುಗಳನ್ನೂ ಸೇರಿಸಿ, ಭಾಗಿಸಲಾಗಿತ್ತು. ಎರಡನ್ನೂ ಬೇರ್ಪಡಿಸಿದಾಗ ಬಂದ ಲೆಕ್ಕ ಇದು: ವರ್ಷವಿಡೀ ಚಾಚೂ ತಪ್ಪದೆ ಪಾಲಿಸಿದರೆ ನೂರರಲ್ಲಿ 3.1 ಗರ್ಭ, ಪಾಲನೆ ತಪ್ಪುತ್ತಲೇ ಇದ್ದರೆ 86.4. ಏನೂ ಬಳಸದಿದ್ದರೆ ಸುಮಾರು 85 ಎಂಬುದು ತಜ್ಞರ ಅಂದಾಜು. ಅಂದರೆ ವಿಧಾನ ಒಳ್ಳೆಯದೇ, ಆದರೆ ಕ್ಷಮಿಸುವ ಗುಣ ಅದಕ್ಕಿಲ್ಲ. ನಿಯಮ ಮುರಿಯುವುದು ಅಂದರೆ ಗರ್ಭ ನಿಲ್ಲುವ ದಿನದಂದೇ ಮುರಿಯುವುದು.

ಅಮೆರಿಕದ ಅಂಕಿಗಳ ಜೊತೆ ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ಕಾಪರ್ ಟಿ ಹಾಕಿಸಿಕೊಂಡವರಲ್ಲಿ ವರ್ಷಕ್ಕೆ ನೂರರಲ್ಲಿ ಗರ್ಭ ನಿಲ್ಲುವ ಪ್ರಮಾಣ ಆದರ್ಶ ಬಳಕೆಯಿಂದ ದಿನನಿತ್ಯದ ಬಳಕೆಗೆ ಬಂದಾಗ 0.6ರಿಂದ 0.8ಕ್ಕೆ ಏರುತ್ತದೆ ಅಷ್ಟೆ. ಮಾತ್ರೆಯಲ್ಲಿ ಅದು 0.3ರಿಂದ 7ಕ್ಕೆ, ಕಾಂಡೋಮ್‌ನಲ್ಲಿ 2ರಿಂದ 13ಕ್ಕೆ ಏರುತ್ತದೆ. ವಿಧಾನ ಮನಸ್ಸಿನ ಮೇಲೆ ಹೇರುವ ಭಾರ ಹೆಚ್ಚಿದಂತೆ ಅಂತರ ಹಿಗ್ಗುತ್ತದೆ. ಸಂಯಮದ ಧರ್ಮಕ್ಕೆ ಆ ಭಾರ ಹೊರುವುದೇ ಸಾಧನೆ. ಲೆಕ್ಕಕ್ಕೆ ಅದೇ ಅಪಾಯ.

‘ಗೊತ್ತಿದ್ದೂ ಮೀರಿದ್ದು’ ಎಂಬ ಕಾಲಂ ಇನ್ನೊಂದು ಸಂಗತಿಯನ್ನು ಮುಚ್ಚುತ್ತದೆ. ಯಾರಿಗೆ ಗೊತ್ತಿದ್ದು? ಚಾರ್ಟ್ ತುಂಬಿದವಳು ಹೆಂಡತಿ. ಆ ರಾತ್ರಿ ಬೇಡ ಎನ್ನುವ ಅಧಿಕಾರ ಅವಳಿಗಿತ್ತೇ ಎಂಬುದಕ್ಕೆ ಆ ಒಂದು ಅಂಕಿಯಲ್ಲಿ ಜಾಗವಿಲ್ಲ. ಶಿವಾಜಿನಗರದ ಮಸೀದಿಗಳಿಗೂ ಸೇರಿದ ಇಸ್ಲಾಮಿನ ನ್ಯಾಯಶಾಸ್ತ್ರ ಈ ವಿಷಯವನ್ನು ಬೇರೆ ತುದಿಯಿಂದ ಹಿಡಿದಿದೆ. ಸ್ಖಲನಕ್ಕೆ ಮೊದಲೇ ಹಿಂದೆ ಸರಿಯುವ ‘ಅಜ್ಲ್’ ಅನ್ನು ಗಜಾಲಿಯಂಥ ವಿದ್ವಾಂಸರು ಒಪ್ಪಿದರು. ಅದಕ್ಕೆ ಹೆಂಡತಿಯ ಸಮ್ಮತಿ ಬೇಕೆಂದು ಹಲವು ನ್ಯಾಯವೇತ್ತರು ಷರತ್ತು ಹಾಕಿದರು. ಅಲ್ಲಿ ಸಮ್ಮತಿ ನಿಯಮದೊಳಗೇ ಇದೆ. ಪ್ರಯೋಗದ ಕೋಷ್ಟಕದಲ್ಲಿ ಅದು ಹೊರಗೆ ಉಳಿಯಿತು.

ಮದುವೆಗೆ ಮುಂಚೆ ಕ್ಯಾಥೊಲಿಕ್ ಜೋಡಿಗಳಿಗೆ ನಡೆಯುವ ತಯಾರಿ ತರಗತಿಗಳಲ್ಲಿ ಸಹಜ ವಿಧಾನದ ಪಾಠ ಉಂಟು. ‘ಹ್ಯೂಮಾನೆ ವೀಟೆ’ ತಾಯ್ತಂದೆಯರ ಜವಾಬ್ದಾರಿಯ ಮೊದಲ ಅಂಗವಾಗಿ ಹೇಳುವುದೇ ದೇಹದ ಕ್ರಿಯೆಗಳ ಅರಿವನ್ನು. ಆ ಮಾತನ್ನು ಒಪ್ಪುವವರು 3.1ರ ಜೊತೆಗೆ 86.4ನ್ನೂ ಬೋರ್ಡಿನ ಮೇಲೆ ಬರೆಯಬೇಕಾಗುತ್ತದೆ, ಮತ್ತು ಅದನ್ನು ಬರೆಯುವಾಗ ವರನೂ ತರಗತಿಯಲ್ಲಿ ಕೂತಿರಬೇಕಾಗುತ್ತದೆ.